ಪರಮಾಣುವಿನಿಂದ ವಸ್ತುವಿನವರೆಗೆ: ಆವರ್ತ ಕೋಷ್ಟಕ ಹಿಡಿದು ಲೆಕ್ಕ ಹಾಕುವ ಕ್ರಮ

ಆವರ್ತ ಕೋಷ್ಟಕದ ಒಂದು ಚೌಕದಲ್ಲಿ ಧಾತುವಿನ ಸಂಕೇತದ ಜೊತೆ ಮುಖ್ಯವಾಗಿ ಎರಡು ಸಂಖ್ಯೆಗಳಿರುತ್ತವೆ. ಆ ಎರಡರಿಂದ ಹೊರಟು ಆ ಧಾತುವಿನ ಪರಮಾಣು ಹೇಗಿದೆ, ಅದು ಯಾವುದರ ಜೊತೆ ಯಾವ ಪ್ರಮಾಣದಲ್ಲಿ ಸೇರುತ್ತದೆ, ಸೇರಿ ಆದ ವಸ್ತು ಸುಲಭಕ್ಕೆ ಕರಗುತ್ತದೋ ಇಲ್ಲವೋ, ವಿದ್ಯುತ್ ಹರಿಸುತ್ತದೋ ಇಲ್ಲವೋ ಎಂಬುದನ್ನೆಲ್ಲ ಕಾಗದದ ಮೇಲೆ ಬಹಳ ಮಟ್ಟಿಗೆ ಊಹಿಸಬಹುದು. ಬೇಕಾಗುವುದು ಒಂದು ಆವರ್ತ ಕೋಷ್ಟಕ, ಪೆನ್ಸಿಲ್ ಮತ್ತು ರಬ್ಬರ್. ಕೆಲಸದ ಬಹುಪಾಲು ಎಣಿಕೆಯೇ, ಅದರಲ್ಲೂ ಹೊರಗಿನ ಕವಚದ ಎಲೆಕ್ಟ್ರಾನ್‌ಗಳ ಎಣಿಕೆ. ಅದೊಂದು ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ.

ಚೌಕದ ಎರಡು ಸಂಖ್ಯೆಗಳು

ಪೂರ್ಣಾಂಕವಾಗಿರುವುದು ಪರಮಾಣು ಸಂಖ್ಯೆ, ಅಂದರೆ ಪರಮಾಣುವಿನ ನಡುವಿನ ತಿರುಳಾದ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್‌ಗಳ ಲೆಕ್ಕ. ಧಾತುವಿನ ಗುರುತು ಇದೊಂದೇ. 11 ಪ್ರೋಟಾನ್ ಇದ್ದರೆ ಸೋಡಿಯಂ, 12 ಇದ್ದರೆ ಮೆಗ್ನೀಸಿಯಂ. ಹೆನ್ರಿ ಮೋಸ್ಲಿ 1913ರಲ್ಲಿ ಎಕ್ಸ್-ಕಿರಣಗಳ ಅಳತೆಯಿಂದ ಇದನ್ನು ತೋರಿಸಿಕೊಡುವ ಮೊದಲು ಧಾತುಗಳನ್ನು ತೂಕದ ಕ್ರಮದಲ್ಲಿ ಇಡುತ್ತಿದ್ದರು. ಆ ಕ್ರಮದಲ್ಲಿ ಪೊಟ್ಯಾಸಿಯಂ (39.10) ಆರ್ಗಾನ್‌ಗಿಂತ (39.95) ಮುಂಚೆ ಬರಬೇಕಾಗುತ್ತಿತ್ತು, ಆದರೆ ಅವುಗಳ ಗುಣ ಅದಕ್ಕೆ ಒಪ್ಪುತ್ತಿರಲಿಲ್ಲ. ಪ್ರೋಟಾನ್ ಎಣಿಸಿದ ಮೇಲೆ ಆರ್ಗಾನ್ 18, ಪೊಟ್ಯಾಸಿಯಂ 19 ಎಂದಾಯಿತು, ತೊಡಕು ಕಳೆಯಿತು.

ಪರಮಾಣುವಿಗೆ ಒಟ್ಟಾರೆ ಆವೇಶವಿಲ್ಲದಿದ್ದರೆ ಎಲೆಕ್ಟ್ರಾನ್‌ಗಳೂ ಅಷ್ಟೇ ಇರುತ್ತವೆ. ಪ್ರೋಟಾನಿನ ಧನ ಆವೇಶ ಎಷ್ಟೋ ಎಲೆಕ್ಟ್ರಾನಿನ ಋಣ ಆವೇಶವೂ ಅಷ್ಟೇ, 1.602 × 10⁻¹⁹ ಕೂಲಂಬ್. ತೂಕದಲ್ಲಿ ಮಾತ್ರ ಅಜಗಜಾಂತರ: ಪ್ರೋಟಾನ್ ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರ. ನ್ಯೂಟ್ರಾನ್ ಪ್ರೋಟಾನಿಗಿಂತ ಕೂದಲೆಳೆಯಷ್ಟು ಹೆಚ್ಚು ತೂಗುತ್ತದೆ, ಆವೇಶವಿಲ್ಲ. ಹಾಗಾಗಿ ಪರಮಾಣುವಿನ ತೂಕವೆಲ್ಲ ನ್ಯೂಕ್ಲಿಯಸ್ಸಿನಲ್ಲಿ, ಗಾತ್ರವೆಲ್ಲ ಎಲೆಕ್ಟ್ರಾನ್‌ಗಳದ್ದು.

ದಶಾಂಶ ಬಿಂದು ಇರುವ ಎರಡನೆಯ ಸಂಖ್ಯೆ ಸರಾಸರಿ ಪರಮಾಣು ರಾಶಿ. ಇಲ್ಲೇ ಹಲವರು ಎಡವುತ್ತಾರೆ. ಅದನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು, ಪರಮಾಣು ಸಂಖ್ಯೆ ಕಳೆದು, ಬಂದದ್ದೇ ನ್ಯೂಟ್ರಾನ್‌ಗಳ ಸಂಖ್ಯೆ ಎನ್ನುತ್ತಾರೆ. ಸೋಡಿಯಂಗೆ ಇದು ಸರಿಹೋಗುತ್ತದೆ (23 − 11 = 12), ಏಕೆಂದರೆ ಪ್ರಕೃತಿಯಲ್ಲಿ ಸಿಗುವ ಸ್ಥಿರ ಸೋಡಿಯಂ ಒಂದೇ ಬಗೆಯದು. ಬ್ರೋಮಿನ್ ವಿಷಯದಲ್ಲಿ ಕೈಕೊಡುತ್ತದೆ. ಅದರ ರಾಶಿ 79.90, ಪೂರ್ಣಾಂಕಕ್ಕೆ ತಂದರೆ 80. ಆದರೆ ನೈಸರ್ಗಿಕ ಬ್ರೋಮಿನ್‌ನಲ್ಲಿ ರಾಶಿ ಸಂಖ್ಯೆ (ಪ್ರೋಟಾನ್, ನ್ಯೂಟ್ರಾನ್ ಎರಡರ ಒಟ್ಟು ಲೆಕ್ಕ) 80 ಇರುವ ಪರಮಾಣುವೇ ಇಲ್ಲ. ಸುಮಾರು ಅರ್ಧ ಪಾಲು 79, ಇನ್ನರ್ಧ 81. ನ್ಯೂಟ್ರಾನ್ ಎಣಿಸಬೇಕಾದರೆ ಯಾವ ಸಮಸ್ಥಾನಿ (ಒಂದೇ ಧಾತುವಿನ, ನ್ಯೂಟ್ರಾನ್ ಲೆಕ್ಕದಲ್ಲಿ ಮಾತ್ರ ಬೇರೆಯಾದ ಬಗೆ) ಎಂದು ಮೊದಲು ಹೇಳಬೇಕು, ಆಮೇಲೆ ಅದರ ರಾಶಿ ಸಂಖ್ಯೆಯಿಂದ ಪರಮಾಣು ಸಂಖ್ಯೆ ಕಳೆಯಬೇಕು. ಬ್ರೋಮಿನ್-79ರಲ್ಲಿ 44 ನ್ಯೂಟ್ರಾನ್, ಬ್ರೋಮಿನ್-81ರಲ್ಲಿ 46.

ಸರಾಸರಿ ಎಲ್ಲಿಂದ ಬಂತೆಂದು ಕ್ಲೋರಿನ್‌ನಲ್ಲಿ ನೋಡಬಹುದು. ಕ್ಲೋರಿನ್-35ರ ರಾಶಿ 34.969, ಪಾಲು ಶೇಕಡಾ 75.8. ಕ್ಲೋರಿನ್-37ರ ರಾಶಿ 36.966, ಪಾಲು ಶೇಕಡಾ 24.2. ಗುಣಿಸಿ ಕೂಡಿದರೆ 35.45. ಸಮಸ್ಥಾನಿಗಳು ಬೇರೆಯಾದರೂ ಎಲೆಕ್ಟ್ರಾನ್‌ಗಳ ಲೆಕ್ಕ ಒಂದೇ, ಆದ್ದರಿಂದ ರಾಸಾಯನಿಕ ವರ್ತನೆಯೂ ಹೆಚ್ಚುಕಡಿಮೆ ಒಂದೇ.

ಚಿತ್ರ ಬರೆಯುವವರಿಗೆ ಒಂದು ಮಾತು. ಪುಸ್ತಕಗಳ ಚಿತ್ರದಲ್ಲಿ ನ್ಯೂಕ್ಲಿಯಸ್ ದೊಡ್ಡದಾಗಿ ಕಾಣುವುದು ಅನುಕೂಲಕ್ಕಷ್ಟೇ. ಹೈಡ್ರೋಜನ್‌ನ ಪ್ರೋಟಾನನ್ನು 1 ಮಿಲಿಮೀಟರ್ ತ್ರಿಜ್ಯದ ಚುಕ್ಕೆಯಾಗಿ ಬರೆದರೆ, ಎಲೆಕ್ಟ್ರಾನ್ ಸಿಗುವ ಸಂಭವ ಹೆಚ್ಚಾಗಿರುವ ದೂರವನ್ನು ಸುಮಾರು 60 ಮೀಟರ್ ಆಚೆ ಗುರುತಿಸಬೇಕಾಗುತ್ತದೆ. ಗೈಗರ್ ಮತ್ತು ಮಾರ್ಸ್‌ಡೆನ್ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಬಹುತೇಕ ಕಣಗಳು ನೇರವಾಗಿ ದಾಟಿಹೋದವು, ತೀರಾ ಕೆಲವು ಹಿಂದಕ್ಕೆ ಚಿಮ್ಮಿದವು. ರುದರ್‌ಫೋರ್ಡ್ 1911ರಲ್ಲಿ ನ್ಯೂಕ್ಲಿಯಸ್ ಇದೆ ಎಂಬ ತೀರ್ಮಾನಕ್ಕೆ ಬಂದದ್ದು ಆ ಕೆಲವೇ ಕಣಗಳ ಬಲದಿಂದ.

ಎಲೆಕ್ಟ್ರಾನ್‌ಗಳನ್ನು ಕವಚಗಳಿಗೆ ಹಂಚುವುದು

ಒಂದು ಕವಚಕ್ಕೆ ಹಿಡಿಸುವ ಗರಿಷ್ಠ ಎಲೆಕ್ಟ್ರಾನ್‌ಗಳು ಆ ಕವಚದ ಸಂಖ್ಯೆಯ ವರ್ಗದ ಎರಡರಷ್ಟು: ಮೊದಲನೆಯದಕ್ಕೆ 2, ಎರಡನೆಯದಕ್ಕೆ 8, ಮೂರನೆಯದಕ್ಕೆ 18, ನಾಲ್ಕನೆಯದಕ್ಕೆ 32. ಒಳಗಿನಿಂದ ಹೊರಕ್ಕೆ ತುಂಬುತ್ತ ಹೋಗಬೇಕು.

ಆಕ್ಸಿಜನ್ (8): 2, 6
ಸೋಡಿಯಂ (11): 2, 8, 1
ಮೆಗ್ನೀಸಿಯಂ (12): 2, 8, 2
ಕ್ಲೋರಿನ್ (17): 2, 8, 7
ಆರ್ಗಾನ್ (18): 2, 8, 8
ಪೊಟ್ಯಾಸಿಯಂ (19): 2, 8, 8, 1

ಕೊನೆಯ ಸಾಲಿನಲ್ಲಿ ಗೊಂದಲವಾಗುವುದು ಸಹಜ. ಮೂರನೆಯ ಕವಚಕ್ಕೆ 18 ಹಿಡಿಸುತ್ತದೆ ಎಂದ ಮೇಲೆ ಪೊಟ್ಯಾಸಿಯಂ 2, 8, 9 ಏಕಲ್ಲ? ಕವಚದೊಳಗೆ ಎಸ್, ಪಿ, ಡಿ, ಎಫ್ ಎಂಬ ಉಪಕವಚಗಳಿವೆ. ಅವುಗಳಲ್ಲಿ ಕ್ರಮವಾಗಿ 2, 6, 10, 14 ಎಲೆಕ್ಟ್ರಾನ್‌ಗಳಿಗೆ ಜಾಗ. ಪೊಟ್ಯಾಸಿಯಂನಲ್ಲಿ 4ಎಸ್‌ನ ಶಕ್ತಿಮಟ್ಟ 3ಡಿಗಿಂತ ಕೆಳಗಿದೆ, ಹಾಗಾಗಿ ಹತ್ತೊಂಬತ್ತನೆಯ ಎಲೆಕ್ಟ್ರಾನ್ ನಾಲ್ಕನೆಯ ಕವಚಕ್ಕೆ ಹೋಗುತ್ತದೆ. ತುಂಬುವ ಕ್ರಮ ಹೀಗೆ: 1ಎಸ್, 2ಎಸ್, 2ಪಿ, 3ಎಸ್, 3ಪಿ, 4ಎಸ್, 3ಡಿ, 4ಪಿ. ಈ ಕ್ರಮದಲ್ಲಿ ಕಬ್ಬಿಣ (26) 2, 8, 14, 2 ಆಗುತ್ತದೆ. ಕ್ರೋಮಿಯಂ ಮತ್ತು ತಾಮ್ರ ಈ ಸಾಲಿನ ಎರಡು ಅಪವಾದಗಳು. ಎರಡರಲ್ಲೂ 4ಎಸ್‌ನಲ್ಲಿ ಒಂದೇ ಎಲೆಕ್ಟ್ರಾನ್, 3ಡಿಯಲ್ಲಿ ಕ್ರಮವಾಗಿ 5 ಮತ್ತು 10. ಇನ್ನೊಂದು ಎಚ್ಚರಿಕೆ: ಕಬ್ಬಿಣದಂಥ ಲೋಹ ಎಲೆಕ್ಟ್ರಾನ್ ಕಳೆದುಕೊಂಡು ಅಯಾನು, ಅಂದರೆ ಆವೇಶವುಳ್ಳ ಕಣ, ಆಗುವಾಗ ಮೊದಲು ಹೊರಡುವುದು 4ಎಸ್ ಎಲೆಕ್ಟ್ರಾನ್‌ಗಳು. ಕೊನೆಗೆ ತುಂಬಿದ್ದು 3ಡಿ, ಆದ್ದರಿಂದ ಮೊದಲು ಅದೇ ಖಾಲಿಯಾಗುತ್ತದೆ ಎಂದುಕೊಂಡರೆ ತಪ್ಪು.

ಕವಚ ಎಂಬುದು ಬರೀ ಬರೆದುಕೊಳ್ಳಲು ಮಾಡಿಕೊಂಡ ಏರ್ಪಾಡಲ್ಲ, ಅಳತೆಯಲ್ಲಿ ಸಿಗುತ್ತದೆ. ಮೆಗ್ನೀಸಿಯಂನಿಂದ ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಕೀಳಲು ಬೇಕಾಗುವ ಶಕ್ತಿ ನೋಡಿ, ಪ್ರತಿ ಮೋಲ್‌ಗೆ (6.022 × 10²³ ಪರಮಾಣುಗಳಿಗೆ) ಕಿಲೋಜೂಲ್‌ಗಳಲ್ಲಿ: ಮೊದಲನೆಯದಕ್ಕೆ 738, ಎರಡನೆಯದಕ್ಕೆ 1451, ಮೂರನೆಯದಕ್ಕೆ 7733. ಎರಡರಿಂದ ಮೂರಕ್ಕೆ ಐದು ಪಟ್ಟಿಗೂ ಮೀರಿದ ಜಿಗಿತ. ಮೂರನೆಯ ಎಲೆಕ್ಟ್ರಾನ್ ಒಳಗಿನ ಕವಚದ್ದು, ನ್ಯೂಕ್ಲಿಯಸ್ಸಿಗೆ ಹತ್ತಿರ, ಬಿಗಿಯಾಗಿ ಹಿಡಿದಿಟ್ಟದ್ದು ಎಂದು ಈ ಸಂಖ್ಯೆ ನೇರವಾಗಿ ಹೇಳುತ್ತದೆ. ಅಪರಿಚಿತ ಧಾತುವಿಗೆ ಇಂಥ ಸಾಲು ಕೊಟ್ಟರೆ ಮೊದಲ ದೊಡ್ಡ ಜಿಗಿತ ಎಲ್ಲಿದೆ ನೋಡಿ. ಅದಕ್ಕಿಂತ ಮುಂಚೆ ಎಷ್ಟು ಎಲೆಕ್ಟ್ರಾನ್ ಹೊರಟವೋ ಅಷ್ಟೇ ಹೊರಕವಚದಲ್ಲಿದ್ದವು.

ಕವಚವನ್ನು ವೃತ್ತವಾಗಿ ಬರೆಯುವುದು ಎಣಿಕೆಗೆ ಸಾಕು. ಎಲೆಕ್ಟ್ರಾನ್ ಆ ವೃತ್ತದ ಮೇಲೆ ಸುತ್ತುತ್ತಿದೆ ಎಂದು ಮಾತ್ರ ನಂಬಬೇಡಿ. 1913ರ ಬೋರ್ ಮಾದರಿ ಹಾಗೆ ಹೇಳಿತ್ತು. 1926ರ ಶ್ರೋಡಿಂಗರ್ ಸಮೀಕರಣದ ನಂತರ ನಮಗೆ ಹೇಳಲಾಗುವುದು ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂಬುದು ಮಾತ್ರ. ಪರಮಾಣುವಿನ ಒಳಗೆ ಬರೀ ಖಾಲಿ ಜಾಗ ಎಂಬ ಮಾತೂ ಅಷ್ಟು ಸರಿಯಲ್ಲ. ಆ ಜಾಗದ ತುಂಬ ಎಲೆಕ್ಟ್ರಾನ್ ಮೋಡ ಹರಡಿರುತ್ತದೆ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರಲಾರವು ಎಂಬ ಪೌಲಿಯ ನಿಯಮ (1925), ಅದರ ಜೊತೆ ಋಣ ಆವೇಶಗಳ ವಿಕರ್ಷಣೆ, ಇವೆರಡೂ ಸೇರಿ ಒಂದು ಘನವಸ್ತು ಇನ್ನೊಂದರೊಳಗೆ ತೂರಿಹೋಗದಂತೆ ತಡೆಯುತ್ತವೆ.

ಪರಮಾಣುಗಳು ಏಕೆ ಸೇರುತ್ತವೆ: ಶಕ್ತಿಯ ಜಮಾ-ಖರ್ಚು

ಎಂಟು ಎಲೆಕ್ಟ್ರಾನ್ ತುಂಬಿಸಿಕೊಳ್ಳಲು ಪರಮಾಣುಗಳು ಕಾತರದಿಂದಿರುತ್ತವೆ, ಸೋಡಿಯಂ ಸಂತೋಷದಿಂದ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ ಎಂದು ಹೇಳಿಕೊಡುವುದುಂಟು. ಇದರಿಂದ ಉತ್ತರ ಸರಿ ಬರಬಹುದು, ಕಾರಣ ಮಾತ್ರ ತಪ್ಪಾಗಿ ತಲೆಯಲ್ಲಿ ಕೂರುತ್ತದೆ. ಸೋಡಿಯಂನಿಂದ ಎಲೆಕ್ಟ್ರಾನ್ ತೆಗೆಯಲು ಶಕ್ತಿ ಖರ್ಚಾಗುತ್ತದೆ. ಕ್ಲೋರಿನ್‌ಗೆ ಅದನ್ನು ಕೊಟ್ಟಾಗ ಮರಳುವ ಶಕ್ತಿ ಆ ಖರ್ಚಿಗೆ ಸಾಲದು. ಒಂದು ಮೋಲ್ ಸೋಡಿಯಂ ಕ್ಲೋರೈಡಿನ ಪೂರ್ತಿ ಲೆಕ್ಕ ಇಲ್ಲಿದೆ, ಕಿಲೋಜೂಲ್‌ಗಳಲ್ಲಿ:

1. ಗಟ್ಟಿ ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳಾಗಿಸಲು: ಖರ್ಚು 107
2. ಅರ್ಧ ಮೋಲ್ ಕ್ಲೋರಿನ್ ಅಣುಗಳನ್ನು ಒಡೆದು ಒಂದು ಮೋಲ್ ಪರಮಾಣುಗಳಾಗಿಸಲು: ಖರ್ಚು 122
3. ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು: ಖರ್ಚು 496
4. ಕ್ಲೋರಿನ್ ಪರಮಾಣು ಎಲೆಕ್ಟ್ರಾನ್ ಪಡೆದಾಗ: ಜಮಾ 349
5. ಬಿಡಿ ಅಯಾನುಗಳು ಒಟ್ಟುಗೂಡಿ ಹರಳಾದಾಗ: ಜಮಾ 787

ಖರ್ಚು 725, ಜಮಾ 1136, ಉಳಿಕೆ 411. ಈ 411 ಕಿಲೋಜೂಲ್ ಶಾಖವಾಗಿ ಹೊರಬರುತ್ತದೆ. ನಾಲ್ಕನೆಯ ಹಂತದವರೆಗೆ ಲೆಕ್ಕ ನಷ್ಟದಲ್ಲೇ ಇರುವುದನ್ನು ಗಮನಿಸಿ. ಲಾಭಕ್ಕೆ ತರುವುದು ಐದನೆಯದು, ವಿರುದ್ಧ ಆವೇಶದ ಅಯಾನುಗಳು ಒತ್ತಾಗಿ ಸೇರುವಾಗಿನ ಆಕರ್ಷಣೆ. ಸೋಡಿಯಂ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಸಂಯುಕ್ತ ಏಕೆ ಸಿಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಎರಡನೆಯ ಎಲೆಕ್ಟ್ರಾನ್ ಕೀಳಲು 4562 ಬೇಕು, ಅಷ್ಟನ್ನು ತುಂಬಿಕೊಡುವ ಶಕ್ತಿ ಹರಳಿನ ಜೋಡಣೆಯಲ್ಲಿಲ್ಲ.

ಅಯಾನಿಕ ಸಂಯುಕ್ತದ ಸೂತ್ರ ಬರೆಯುವುದು

ಲೋಹ ಮತ್ತು ಅಲೋಹ ಸೇರುವಲ್ಲಿ ಈ ವಿಧಾನ. ಹೊರಕವಚದಲ್ಲಿ 1, 2 ಅಥವಾ 3 ಎಲೆಕ್ಟ್ರಾನ್ ಇರುವ ಲೋಹ ಅಷ್ಟನ್ನು ಕಳೆದುಕೊಂಡು ಅಷ್ಟೇ ಧನ ಆವೇಶ ಪಡೆಯುತ್ತದೆ. ಅಲೋಹ ಎಂಟಕ್ಕೆ ಎಷ್ಟು ಕಡಿಮೆಯೋ ಅಷ್ಟು ಋಣ ಆವೇಶ ಪಡೆಯುತ್ತದೆ. ಒಟ್ಟು ಆವೇಶ ಸೊನ್ನೆಯಾಗುವ ಅತಿ ಚಿಕ್ಕ ಪ್ರಮಾಣವೇ ಸೂತ್ರ. ಅಲ್ಯೂಮಿನಿಯಂ +3, ಆಕ್ಸಿಜನ್ −2. ಎರಡು ಅಲ್ಯೂಮಿನಿಯಂನಿಂದ +6, ಮೂರು ಆಕ್ಸಿಜನ್‌ನಿಂದ −6. ಹಾಗಾಗಿ ಪ್ರಮಾಣ 2:3. ಮೆಗ್ನೀಸಿಯಂ +2, ಆಕ್ಸಿಜನ್ −2 ಇದ್ದಲ್ಲಿ ಸಂಖ್ಯೆಗಳನ್ನು ಅಡ್ಡಡ್ಡ ಬದಲಿಸಿ 2:2 ಎಂದು ಬರೆದು ಬಿಟ್ಟುಬಿಡುವುದು ಸಾಮಾನ್ಯ ತಪ್ಪು, ಅದನ್ನು 1:1ಕ್ಕೆ ಇಳಿಸಬೇಕು. ಆದರೆ ಇದೇ ಅಭ್ಯಾಸವನ್ನು ಹೈಡ್ರೋಜನ್ ಪೆರಾಕ್ಸೈಡಿಗೆ ಹಚ್ಚಬೇಡಿ. ಅದು ಅಣು, ಅದರಲ್ಲಿ ನಿಜವಾಗಿಯೂ ಎರಡು ಹೈಡ್ರೋಜನ್, ಎರಡು ಆಕ್ಸಿಜನ್ ಇವೆ.

ಸೋಡಿಯಂ ಕ್ಲೋರೈಡಿನಲ್ಲಿ ಅಣು ಎಂಬುದು ಇಲ್ಲವೇ ಇಲ್ಲ. ಹರಳಿನೊಳಗೆ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಈ ಸೋಡಿಯಂ ಈ ಕ್ಲೋರೈಡಿಗೆ ಮಾತ್ರ ಸೇರಿದ್ದು ಎಂದು ಯಾವುದನ್ನೂ ತೋರಿಸಲಾಗದು.

ಎಲೆಕ್ಟ್ರಾನ್ ಹಂಚಿಕೊಳ್ಳುವ ಅಣುಗಳನ್ನು ಬರೆಯುವುದು

ಅಲೋಹಗಳು ತಮ್ಮತಮ್ಮಲ್ಲಿ ಸೇರುವಾಗ ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಳ್ಳುತ್ತವೆ. ಇದೇ ಸಹವೇಲೆನ್ಸೀಯ ಬಂಧ. ಕಾರ್ಬನ್ ಡೈಆಕ್ಸೈಡನ್ನು ಹಂತಹಂತವಾಗಿ ಬರೆಯೋಣ.

1. ಹೊರಕವಚದ ಎಲೆಕ್ಟ್ರಾನ್‌ಗಳನ್ನು ಕೂಡಿ: ಕಾರ್ಬನ್ 4, ಆಕ್ಸಿಜನ್ ಎರಡರಿಂದ 12, ಒಟ್ಟು 16. ಅಯಾನಾಗಿದ್ದರೆ ಧನ ಆವೇಶವನ್ನು ಕಳೆಯಿರಿ, ಋಣ ಆವೇಶವನ್ನು ಕೂಡಿ. ಅಮೋನಿಯಂ ಅಯಾನಿಗೆ (ಒಂದು ನೈಟ್ರೋಜನ್, ನಾಲ್ಕು ಹೈಡ್ರೋಜನ್, ಆವೇಶ +1) 5 + 4 − 1 = 8.
2. ಕಾರ್ಬನ್ ನಡುವೆ ಇಟ್ಟು ಎರಡೂ ಬದಿಗೆ ಆಕ್ಸಿಜನ್ ಬರೆದು ಒಂದೊಂದು ಗೆರೆ ಎಳೆಯಿರಿ. ಒಂದು ಗೆರೆಗೆ ಎರಡು ಎಲೆಕ್ಟ್ರಾನ್. ಖರ್ಚು 4, ಉಳಿದದ್ದು 12.
3. ಉಳಿದವನ್ನು ಹೊರಗಿನ ಪರಮಾಣುಗಳಿಗೆ ಮೊದಲು ಕೊಡಿ. ಪ್ರತಿ ಆಕ್ಸಿಜನ್‌ಗೆ 6 ಕೊಟ್ಟರೆ ಎಲ್ಲ ಮುಗಿಯುತ್ತದೆ.
4. ನಡುವಿನ ಪರಮಾಣುವನ್ನು ನೋಡಿ. ಕಾರ್ಬನ್ ಬಳಿ ಬರೀ 4 ಇವೆ. ಪ್ರತಿ ಆಕ್ಸಿಜನ್‌ನಿಂದ ಒಂದು ಜೋಡಿಯನ್ನು ಬಂಧಕ್ಕೆ ತಂದರೆ ಎರಡೂ ಕಡೆ ಜೋಡಿ ಬಂಧ, ಎಲ್ಲರಿಗೂ ಎಂಟು.

ತಪ್ಪಾಗುವುದು ಹೆಚ್ಚಾಗಿ ಎಣಿಸಿದ್ದನ್ನು ಚಿತ್ರದಲ್ಲಿ ಇಡುವಾಗ. ಒಟ್ಟು 16 ಎಂದು ಎಣಿಸಿ ಚಿತ್ರದಲ್ಲಿ 20 ಇಟ್ಟಿರುತ್ತಾರೆ. ಬರೆದಾದ ಮೇಲೆ ಗೆರೆ, ಚುಕ್ಕೆಗಳನ್ನು ಮತ್ತೆ ಎಣಿಸಿ ಒಟ್ಟಿಗೆ ತಾಳೆ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಎಂಟರ ನಿಯಮಕ್ಕೂ ಮಿತಿಗಳಿವೆ. ಹೈಡ್ರೋಜನ್‌ಗೆ ಎರಡೇ ಸಾಕು. ಬೋರಾನ್ ಟ್ರೈಫ್ಲೋರೈಡಿನ ಬೋರಾನ್ ಸುತ್ತ ಆರು, ಸಲ್ಫರ್ ಹೆಕ್ಸಾಫ್ಲೋರೈಡಿನ ಸಲ್ಫರ್ ಸುತ್ತ ಹನ್ನೆರಡು. ನೈಟ್ರಿಕ್ ಆಕ್ಸೈಡಿನಲ್ಲಿ ಒಟ್ಟು 11 ಇರುವುದರಿಂದ ಜೋಡಿಯಾಗದ ಒಂದು ಉಳಿದೇ ಉಳಿಯುತ್ತದೆ. ಆಕ್ಸಿಜನ್ ಅಣುವನ್ನು ಈ ವಿಧಾನದಲ್ಲಿ ಬರೆದರೆ ಎಲ್ಲ ಎಲೆಕ್ಟ್ರಾನ್‌ಗಳೂ ಜೋಡಿಯಾಗಿ ಕಾಣುತ್ತವೆ, ವಾಸ್ತವದಲ್ಲಿ ದ್ರವ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟುತ್ತದೆ. ಅದರಲ್ಲಿ ಜೋಡಿಯಾಗದ ಎರಡು ಎಲೆಕ್ಟ್ರಾನ್‌ಗಳಿವೆ. ಅದನ್ನು ತೋರಿಸಲು ಈ ಚುಕ್ಕೆ-ಗೆರೆ ಚಿತ್ರಕ್ಕೆ ಆಗುವುದಿಲ್ಲ, ಬೇರೆ ಸಿದ್ಧಾಂತ ಬೇಕು.

ಚಿತ್ರದಿಂದ ಆಕಾರ ತಿಳಿಯುವುದು ಸುಲಭ. ನಡುವಿನ ಪರಮಾಣುವಿನ ಸುತ್ತಲಿನ ಎಲೆಕ್ಟ್ರಾನ್ ಗುಂಪುಗಳು ಒಂದರಿಂದೊಂದು ಆದಷ್ಟು ದೂರ ಸರಿಯುತ್ತವೆ. ಎರಡು ಗುಂಪಿದ್ದರೆ 180 ಡಿಗ್ರಿ, ನಾಲ್ಕಿದ್ದರೆ 109.5 ಡಿಗ್ರಿ. ಬಂಧದಲ್ಲಿಲ್ಲದ ಒಂಟಿ ಜೋಡಿಗಳು ಹೆಚ್ಚು ಜಾಗ ಹಿಡಿಯುವುದರಿಂದ ನೀರಿನ ಕೋನ 104.5 ಡಿಗ್ರಿಗೆ ಇಳಿಯುತ್ತದೆ. ಒಂಟಿ ಜೋಡಿಗಳನ್ನು ಬರೆಯದೆ ಬಿಟ್ಟವರಿಗೆ ನೀರು ನೇರ ಗೆರೆಯ ಅಣುವಾಗಿ ಕಾಣುತ್ತದೆ, ಮುಂದೆ ಅದರ ಯಾವ ಗುಣವೂ ಅರ್ಥವಾಗುವುದಿಲ್ಲ.

ಬಂಧ ಅಯಾನಿಕವೋ ಸಹವೇಲೆನ್ಸೀಯವೋ ಎಂದು ತೀರ್ಮಾನಿಸಲು ವಿದ್ಯುದೃಣತ್ವದ (ಬಂಧದ ಎಲೆಕ್ಟ್ರಾನ್‌ಗಳನ್ನು ಪರಮಾಣು ತನ್ನತ್ತ ಸೆಳೆಯುವ ಸಾಮರ್ಥ್ಯದ) ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎಂಬ ಸೂತ್ರ ಚಾಲ್ತಿಯಲ್ಲಿದೆ. ಸೋಡಿಯಂ 0.93, ಕ್ಲೋರಿನ್ 3.16, ವ್ಯತ್ಯಾಸ 2.23, ಸರಿ. ಆದರೆ ಹೈಡ್ರೋಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ 1.78 ಇದ್ದರೂ ಅದು ಅಣುವೇ. ಸೂತ್ರವನ್ನು ದಾರಿತೋರುಕವಾಗಿ ಇಟ್ಟುಕೊಳ್ಳಿ, ತೀರ್ಪಾಗಿ ಬೇಡ.

ಬಂಧದಿಂದ ವಸ್ತುವಿನ ಗುಣಕ್ಕೆ

ಒಂದೇ ಒಂದು ತಾಮ್ರದ ಪರಮಾಣುವಿಗೆ ತಾಮ್ರದ ಬಣ್ಣವಿಲ್ಲ, ಕರಗುವ ಬಿಂದುವಿಲ್ಲ, ಬಡಿದು ತಗಡು ಮಾಡುವ ಗುಣವೂ ಇಲ್ಲ. ಇವೆಲ್ಲ ಅಪಾರ ಸಂಖ್ಯೆಯ ಪರಮಾಣುಗಳು ಕೂಡಿದಾಗ ಬರುವ ಗುಣಗಳು, ಅವು ಹೇಗೆ ಕೂಡಿವೆ ಎಂಬುದರ ಮೇಲೆ ನಿಂತವು.

ಅಯಾನಿಕ ಹರಳಿನಲ್ಲಿ ಎಲ್ಲ ದಿಕ್ಕಿನಿಂದಲೂ ಬಲವಾದ ಆಕರ್ಷಣೆ. ಸೋಡಿಯಂ ಕ್ಲೋರೈಡ್ ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಆವೇಶ ಎರಡೆರಡಾಗಿರುವ ಮೆಗ್ನೀಸಿಯಂ ಆಕ್ಸೈಡಿಗೆ 2800 ಡಿಗ್ರಿಗೂ ಹೆಚ್ಚು. ಗಟ್ಟಿಯಿದ್ದಾಗ ಅಯಾನುಗಳು ಕದಲಲಾರವು, ವಿದ್ಯುತ್ ಹರಿಯದು. ಕರಗಿದರೆ ಅಥವಾ ನೀರಿನಲ್ಲಿ ಬೆರೆತರೆ ಹರಿಯುತ್ತದೆ. ಹೊಡೆದರೆ ಪದರ ಸರಿದು ಒಂದೇ ಆವೇಶದ ಅಯಾನುಗಳು ಎದುರುಬದುರಾಗಿ ಒಂದನ್ನೊಂದು ತಳ್ಳುತ್ತವೆ, ಹರಳು ಸೀಳುತ್ತದೆ. ಲೋಹದಲ್ಲಿ ಹೊರಗಿನ ಎಲೆಕ್ಟ್ರಾನ್‌ಗಳು ಎಲ್ಲ ಪರಮಾಣುಗಳಿಗೂ ಸೇರಿದ್ದರಿಂದ ಪದರ ಸರಿದರೂ ಹಿಡಿತ ತಪ್ಪದು. ಲೋಹ ಬಾಗುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ.

ಅಣುಗಳಿಂದಾದ ವಸ್ತುಗಳಲ್ಲಿ ಎರಡು ಬಗೆಯ ಬಲಗಳನ್ನು ಬೇರೆಬೇರೆಯಾಗಿ ನೋಡಬೇಕು. ನೀರು ಕುದಿಯುವಾಗ ಹೈಡ್ರೋಜನ್ ಮತ್ತು ಆಕ್ಸಿಜನ್ ಬೇರ್ಪಡುತ್ತವೆ ಎಂದು ಬರೆಯುವವರು ಇಂದಿಗೂ ಇದ್ದಾರೆ. ಒಂದು ಮೋಲ್ ನೀರನ್ನು ಅದರ ಕುದಿಯುವ ಬಿಂದುವಿನಲ್ಲಿ ಆವಿ ಮಾಡಲು ಸುಮಾರು 41 ಕಿಲೋಜೂಲ್ ಸಾಕು. ಒಂದು ಮೋಲ್ ಆಕ್ಸಿಜನ್-ಹೈಡ್ರೋಜನ್ ಬಂಧ ಮುರಿಯಲು ಸುಮಾರು 463 ಬೇಕು, ನೀರಿನ ಅಣುವಿನಲ್ಲಿ ಅಂಥ ಬಂಧಗಳು ಎರಡಿವೆ. ಕುದಿಯುವಾಗ ಅಣುಗಳು ಒಂದರಿಂದೊಂದು ದೂರವಾಗುತ್ತವೆ ಅಷ್ಟೇ, ಅಣು ಮುರಿಯುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ನೀರಿಗಿಂತ ಭಾರವಾದ ಅಣುವಾದರೂ −60 ಡಿಗ್ರಿಯಲ್ಲೇ ಕುದಿಯುತ್ತದೆ. ನೀರು 100ರವರೆಗೆ ತಡೆಯುವುದು ಅಣುಗಳ ನಡುವಿನ ಹೈಡ್ರೋಜನ್ ಬಂಧದಿಂದ, ಅಂದರೆ ಒಂದು ಅಣುವಿನ ಹೈಡ್ರೋಜನ್ ಮತ್ತು ಪಕ್ಕದ ಅಣುವಿನ ಆಕ್ಸಿಜನ್ ನಡುವಿನ ಸೆಳೆತದಿಂದ.

ವಜ್ರ, ಗ್ರ್ಯಾಫೈಟ್ ಎರಡೂ ಕಾರ್ಬನ್ನೇ. ವಜ್ರದಲ್ಲಿ ಪ್ರತಿ ಪರಮಾಣುವೂ ನಾಲ್ಕರೊಂದಿಗೆ, 0.154 ನ್ಯಾನೋಮೀಟರ್ ದೂರದಲ್ಲಿ ಬಿಗಿದುಕೊಂಡಿದೆ. ಗ್ರ್ಯಾಫೈಟಿನಲ್ಲಿ ಪದರದೊಳಗೆ ಮೂರರೊಂದಿಗೆ 0.142, ಪದರದಿಂದ ಪದರಕ್ಕೆ 0.335. ಪದರಗಳು ಜಾರುವುದಕ್ಕೆ ಆ ಅಂತರವೇ ಸಾಕ್ಷಿ.

ತಕ್ಕಡಿಯಲ್ಲಿ ತಾಳೆ ನೋಡುವುದು

ಕಾಗದದ ಲೆಕ್ಕವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಒಂದು ಮೋಲ್ ಎಂದರೆ 6.022 × 10²³ ಕಣಗಳು. ಕೋಷ್ಟಕದ ಪರಮಾಣು ರಾಶಿಯನ್ನು ಗ್ರಾಂನಲ್ಲಿ ತೂಗಿದರೆ ಅಷ್ಟು ಪರಮಾಣುಗಳು ಸಿಗುತ್ತವೆ. ಮೆಗ್ನೀಸಿಯಂ 24.3, ಆಕ್ಸಿಜನ್ 16.0. ಪ್ರಮಾಣ 1:1 ಆಗಿದ್ದರೆ 0.243 ಗ್ರಾಂ ಮೆಗ್ನೀಸಿಯಂ ಉರಿದು 0.403 ಗ್ರಾಂ ಆಕ್ಸೈಡ್ ಆಗಬೇಕು, ಅಂದರೆ 0.160 ಗ್ರಾಂ ಏರಿಕೆ.

ಖಾಲಿ ಪಿಂಗಾಣಿ ಕ್ರೂಸಿಬಲ್ಲನ್ನು ಮುಚ್ಚಳದ ಸಮೇತ ಚೆನ್ನಾಗಿ ಕಾಯಿಸಿ, ಆರಿಸಿ, ತೂಗಿ. ತೇವ ಮೊದಲೇ ಹೋಗದಿದ್ದರೆ ಪ್ರಯೋಗದ ನಡುವೆ ಹೋಗಿ ಏರಿಕೆ ಕಡಿಮೆ ತೋರುತ್ತದೆ. ಮೆಗ್ನೀಸಿಯಂ ಪಟ್ಟಿಯನ್ನು ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಸಡಿಲವಾಗಿ ಸುರುಳಿ ಸುತ್ತಿ ಒಳಗಿಟ್ಟು ತೂಗಿ. ಬರ್ನರ್ ಮೇಲೆ ಜೋರಾಗಿ ಕಾಯಿಸುತ್ತ, ಆಗಾಗ ಇಕ್ಕಳದಿಂದ ಮುಚ್ಚಳವನ್ನು ತುಸುವೇ ಎತ್ತಿ ಗಾಳಿ ಬಿಡಿ. ಕಣ್ಣಿಗೆ ಸುರಕ್ಷಾ ಕನ್ನಡಕವಿರಲಿ, ಉರಿಯುವ ಬಿಳಿ ಬೆಳಕನ್ನು ನೇರವಾಗಿ ನೋಡಬೇಡಿ. ಹೆಚ್ಚು ಎತ್ತಿದರೆ ಬಿಳಿ ಹೊಗೆಯ ರೂಪದಲ್ಲಿ ಆಕ್ಸೈಡ್ ಹಾರಿಹೋಗುತ್ತದೆ, ಎತ್ತದೇ ಇದ್ದರೆ ಒಳಗೆ ಲೋಹ ಉಳಿಯುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ತೂಗಿ. ಬಿಸಿ ಪಾತ್ರೆಯ ಸುತ್ತ ಮೇಲೇರುವ ಗಾಳಿಯಿಂದ ತಕ್ಕಡಿ ಕಡಿಮೆ ತೋರಿಸುತ್ತದೆ. ಮತ್ತೆ ಕಾಯಿಸಿ, ಆರಿಸಿ, ಎರಡು ತೂಕಗಳು ಒಂದೇ ಬರುವವರೆಗೆ ಮುಂದುವರಿಸಿ.

ಇಷ್ಟಾದರೂ ಏರಿಕೆ ಕಡಿಮೆ ಬಂದರೆ ಕಾರಣ ಬಹುಶಃ ಗಾಳಿಯ ನೈಟ್ರೋಜನ್. ಬಿಸಿ ಮೆಗ್ನೀಸಿಯಂ ಅದರೊಂದಿಗೂ ಸೇರಿ 3:2 ಪ್ರಮಾಣದ ನೈಟ್ರೈಡ್ ಆಗುತ್ತದೆ. 0.243 ಗ್ರಾಂ ಪೂರ್ತಿ ನೈಟ್ರೈಡ್ ಆದರೆ ತೂಕ ಬರೀ 0.336 ಗ್ರಾಂ. ಪರಿಹಾರವಿದೆ: ಕ್ರೂಸಿಬಲ್ ಪೂರ್ತಿ ತಣಿದ ಮೇಲೆ ಕೆಲವೇ ಹನಿ ನೀರು ಹಾಕಿ. ನೈಟ್ರೈಡ್ ಒಡೆದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಮತ್ತು ಅಮೋನಿಯಾ ಆಗುತ್ತದೆ, ಅಮೋನಿಯಾದ ಘಾಟು ಮೂಗಿಗೆ ತಾಗಬಹುದು. ಆಮೇಲೆ ಮೊದಲು ಮೆಲ್ಲಗೆ, ನಂತರ ಜೋರಾಗಿ ಕಾಯಿಸಿದರೆ ಹೈಡ್ರಾಕ್ಸೈಡಿನಿಂದ ನೀರು ಹೊರಟು ಆಕ್ಸೈಡ್ ಉಳಿಯುತ್ತದೆ. ಈ ಕೊನೆಯ ಕಾಯಿಸುವಿಕೆ ಅರ್ಧಕ್ಕೆ ನಿಂತರೆ ಏರಿಕೆ 0.160 ದಾಟಿಬಿಡಬಹುದು. ಉಳಿದ ಹೈಡ್ರಾಕ್ಸೈಡಿನ ನೀರಿನ ತೂಕ ಅದು, ಇನ್ನೊಮ್ಮೆ ಜೋರಾಗಿ ಕಾಯಿಸಿದರೆ ಇಳಿಯುತ್ತದೆ.